ಕಾಲುವೆ ಸೇತುವೆಗೆ ನಿಲ್ಲುವ ಗಾಡಿ

ಶಿರೋಳ
೧೪ ಜೂನ್ ೨೦೨೫

ಚಿರಂಜೀವಿ ಮುತ್ತಣ್ಣನಿಗೆ,

ನಿನ್ನ ವಿಳಾಸ ಕೊಟ್ಟವನು ಕನಕಪ್ಪ. ಅವನ ಮೇಲೆ ಸಿಟ್ಟಾಗಬೇಡ. ಕಾರಹುಣ್ಣಿಮೆಗೆ ಗೋವಾದಿಂದ ಬಂದವನನ್ನು ಊರ ಅಗಸಿ ಬಾಗಿಲಲ್ಲೇ ಹಿಡಿದು ಕೂಡಿಸಿ, ಚಹಾ ಕುಡಿಸಿ ಬಾಯಿ ಬಿಡಿಸಿದ್ದೇನೆ. "ಕಾಕಾ, ನಾ ಹೇಳೀನಂತ ಹೇಳಬ್ಯಾಡ್ರಿ" ಅಂದ. ಹೇಳುತ್ತಿದ್ದೇನೆ. ಫೋನ್ ನಂಬರ್ ಬದಲಿಸಿದವನಿಗೆ ಅಂಚೆಯವನನ್ನೂ ಬದಲಿಸಲು ಬರುತ್ತದೇನು, ನೋಡೋಣ.

ಗಾಡಿಯ ಸಲುವಾಗಿ ಬರೆಯುತ್ತಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ. ಗಜೇಂದ್ರಗಡದ ದೇವಪ್ಪ ಎನ್ನುವವರು ಮದುವೆಗಳಿಗೆ ಬಾಡಿಗೆ ಬಿಡಲು ಹಳೇ ಅಂಬಾಸಿಡರ್ ಹುಡುಕುತ್ತಿದ್ದಾರಂತೆ. ಪೆಟ್ರೋಲ್ ಗಾಡಿ, ಬಿಳಿಯದು ಎಂದ ಕೂಡಲೇ ಕಣ್ಣರಳಿಸಿದರು. ಕೊಟ್ಟುಬಿಡೋಣ ಅನ್ನಿಸಿದೆ. ತಗಡಿನ ಪತ್ರಾಸಿನ ಕೆಳಗೆ ಅದು ನಿಂತಿರುವುದನ್ನು ದಿನಾ ಎದ್ದು ನೋಡುವುದು ನನ್ನಿಂದಾಗುತ್ತಿಲ್ಲ. ಆದರೆ ಕೆಟ್ಟ ಗಾಡಿ ಕೊಟ್ಟು ಬೈಸಿಕೊಳ್ಳುವವನು ನಾನಲ್ಲ.

ಮೊನ್ನೆ ಹೆಸರಿನ ಬೀಜ ತರಲು ಅದನ್ನು ತೆಗೆದುಕೊಂಡು ನರಗುಂದಕ್ಕೆ ಹೊರಟಿದ್ದೆ. ಸೀಗೆ ಹುಣ್ಣಿಮೆಯಿಂದ ಈಚೆಗೆ ದೂರ ಒಯ್ದದ್ದು ಇದೇ ಮೊದಲು. ಊರು ದಾಟಿ ಚಲೋ ಓಡಿತು. ಕಾಲುವೆ ಸೇತುವೆ ಬಂತು ನೋಡು, ಮುಲುಕಿತು, ಎರಡು ಸಲ ಜಗ್ಗಿತು, ನಿಂತಿತು. ನಿಮ್ಮವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟಾಗ ನಿಂತ ಅದೇ ಜಾಗ. ಎದೆ ಹಿಡಿದುಕೊಂಡು "ಉಸಿರ ಹಿಡದೈತ್ರಿ, ಗಾಳಿ ಸಾಲವಲ್ದು" ಅಂದಳಲ್ಲ, ಆ ದನಿ ಇನ್ನೂ ಹಿಂದಿನ ಸೀಟಿನಲ್ಲೇ ಇದ್ದ ಹಾಗಾಯಿತು. ಹಿಂದಿರುಗಿ ನೋಡಿಬಿಟ್ಟೆ.

ಅವತ್ತು ನೀನು ಕಾರ್ಬೊರೇಟರ್ ಬಿಚ್ಚಿ, ಊದಿ, ಜೋಡಿಸಿದ ಮೇಲೆ ಗಾಡಿ ಶುರುವಾಯಿತು. ಅಷ್ಟರಲ್ಲಿ ಆಕೆ ಹೋಗಿದ್ದಳು. ಈ ಸಲ ನಾನು ಏನನ್ನೂ ಮುಟ್ಟಲಿಲ್ಲ. ಬಾನೆಟ್ಟನ್ನೂ ಎತ್ತಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತು ಬೀಡಿ ಸೇದಿ ಬಂದು ಕೀಲಿ ತಿರುಗಿಸಿದೆ, ಶುರುವಾಯಿತು. ಏನೂ ಆಗದವರ ಹಾಗೆ ನರಗುಂದ ಮುಟ್ಟಿತು. ಹಾಗಾದರೆ ಅವತ್ತು ಶುರುವಾದದ್ದು ನಿನ್ನ ಕೈಯಿಂದಲೋ, ತಾನಾಗಿಯೋ? ಈ ಪ್ರಶ್ನೆ ಬಂದಾಗಿನಿಂದ ನನಗೆ ಅನ್ನ ರುಚಿಸುತ್ತಿಲ್ಲ.

ಟ್ಯಾಂಕು ತುಂಬಿದೆ, ಇಂಜಿನ್ನಿಗೆ ಪೆಟ್ರೋಲ್ ಮುಟ್ಟುತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದು ಅನ್ನುತ್ತಾರಲ್ಲ, ಹಾಗೆ. ನಾನು ಓಡಿಸುವವನೇ ಹೊರತು ಬಿಚ್ಚುವವನಲ್ಲ. ಸಾಹುಕಾರರ ಅಂಗಡಿಯ ಡ್ರೈವರಿಕೆ ಬಿಟ್ಟು ಇದನ್ನು ಮನೆಗೆ ತಂದಾಗಿನಿಂದ ಇದರ ಹೊಟ್ಟೆಗೆ ಕೈ ಹಾಕಿದವನು ನೀನೊಬ್ಬನೇ. ಎಲ್ಲಿ ನೋಡಬೇಕು, ಹೇಗೆ ಸರಿ ಮಾಡಬೇಕು, ಬರೆ. ಬೇರೇನೂ ಬರೆಯದಿದ್ದರೂ ನಡೆಯುತ್ತದೆ.

ನಿನ್ನ ತಂದೆ
ಮಾಳಪ್ಪ


ಮಡಗಾಂವ
೨೯ ಜೂನ್ ೨೦೨೫

ತಂದೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಮುಟ್ಟಿತು. ನಾನು ಈಗ ಗಾಡಿಗಳ ಕೆಲಸ ಮಾಡುತ್ತಿಲ್ಲ. ಕಟ್ಟಡದಲ್ಲಿ ಸೆಂಟ್ರಿಂಗ್ ಹಲಗೆ ಹೊರುತ್ತೇನೆ. ಪಾನಾ, ಸ್ಕ್ರೂಡ್ರೈವರ್ ಹಿಡಿಯದೆ ಬಹಳ ದಿನವಾಯಿತು. ನೆನಪಿದ್ದಷ್ಟು ಬರೆಯುತ್ತೇನೆ.

ಪೆಟ್ರೋಲ್ ಟ್ಯಾಂಕಿನಿಂದ ಪೈಪಿನಲ್ಲಿ ಮುಂದೆ ಬರುತ್ತದೆ. ಪಂಪು ಅದನ್ನು ಎಳೆದು ಕಾರ್ಬೊರೇಟರಿಗೆ ಕೊಡುತ್ತದೆ. ಪಂಪಿನ ಹತ್ತಿರ ಒಂದು ಗಾಜಿನ ಬಟ್ಟಲಿದೆ, ಕಸ ಮತ್ತು ನೀರು ಅದರ ತಳಕ್ಕೆ ಕೂರುತ್ತವೆ. ಅದನ್ನು ಬಿಚ್ಚಿ ತೊಳೆಯಿರಿ. ಆಮೇಲೆ ಕಾರ್ಬೊರೇಟರಿನ ಬದಿಯಲ್ಲಿ ಪೈಪು ಬಿಡಿಸಿ ಬಾಟಲಿಗೆ ಹಿಡಿಯಿರಿ. ಪಂಪಿನ ಕೆಳಗೆ ಚಿಕ್ಕ ಹಿಡಿಕೆ ಇದೆ, ಕೈಯಿಂದ ಒತ್ತಿದರೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಪಂಪು ಸರಿ ಇದೆ ಎಂದು ಅರ್ಥ.

ಇದೆಲ್ಲ ಮನೆಯ ಮುಂದೆ, ಗಾಡಿ ತಣ್ಣಗಿದ್ದಾಗ ಮಾಡಿ. ಸೇತುವೆಯ ಮೇಲೆ ನಿಂತು ಏನೂ ಮಾಡಬೇಡಿ. ಬೀಡಿ ಹಚ್ಚಿಕೊಂಡು ಮಾಡಬೇಡಿ. ನರಗುಂದದ ದಿಲಾವರ ಚಾಚಾನ ಗ್ಯಾರೇಜಿಗೆ ಮಾತ್ರ ಒಯ್ಯಬೇಡಿ. ಕೆಲಸ ಕಲಿಸಿದ ಉಸ್ತಾದನ ಮುಂದೆ ನನ್ನ ಕೈಕೆಲಸ ಇಡುವುದು ಬೇಡ.

ಇಂತಿ
ಮುತ್ತಣ್ಣ


ಶಿರೋಳ
೧೬ ಜುಲೈ ೨೦೨೫

ಮುತ್ತಣ್ಣನಿಗೆ,

ನಿನ್ನ ಪತ್ರದಲ್ಲಿ ಗಂಟಲಿಗೆ ಸಿಕ್ಕಿಕೊಂಡದ್ದು ಗಾಡಿಯ ಮಾತಲ್ಲ, "ನೀವು" ಎಂಬ ಮಾತು. ಮಾತು ಬಂದಾಗಿನಿಂದ "ಯಪ್ಪಾ, ನೀ ಬಾ, ನೀ ಉಣ್ಣು" ಅಂದವನು ಗೋವಾಕ್ಕೆ ಹೋಗಿ ಬಹುವಚನ ಕಲಿತೆಯಾ? ಪಂಚಾಯಿತಿ ಕಾರಕೂನ ನನಗೆ ನೀವು ಅನ್ನುತ್ತಾನೆ. ನೀನೂ ಅವನ ಸಾಲಿಗೆ ಸೇರಿದೆ. ಇರಲಿ.

ಬಟ್ಟಲು ಬಿಚ್ಚಿದೆ. ತಳದಲ್ಲಿ ಚಿಟಿಕೆ ಮಣ್ಣಿತ್ತು, ಅಷ್ಟೇ. ತೊಳೆದು ಹಾಕಿದೆ. ಪಂಪಿನ ಹಿಡಿಕೆ ಒತ್ತಿದೆ, ಬಾಟಲಿ ಹಿಡಿಯುವುದರೊಳಗೆ ಪೆಟ್ರೋಲ್ ನೆಟ್ಟಗೆ ಕಣ್ಣಿಗೆ ಚಿಮ್ಮಿತು. ಇಟಗಿಯಿಂದ ನಿನ್ನ ಚಿಗವ್ವ ಗುಡ್ಡವ್ವ ಬಂದಿದ್ದಳು. ನಾನು ಕಣ್ಣು ಉಜ್ಜಿಕೊಂಡು ಕುಣಿಯುವುದನ್ನು ನೋಡಿ "ಮಾಮಾ, ಗಾಡಿಗೂ ಜುಲಾಬ ಕೊಡಾಕ ಹತ್ತೀರೇನು?" ಅಂದಳು. ಅಕ್ಕ ಸತ್ತ ಮೇಲೆ ಆಕೆ ಈ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ನಕ್ಕವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಪಂಪು ಸರಿ ಇದೆ ಎಂದಾಯಿತು. ಮರುದಿನ ನರಗುಂದದ ಕಡೆ ಹೊರಟೆ. ಸೇತುವೆಗೆ ಬಂದು ಮತ್ತೆ ನಿಂತಿತು. ಎತ್ತು ಸಹ ತನಗೆ ಹೊಡೆದ ಜಾಗವನ್ನು ಇಷ್ಟು ನೆನಪಿಡುವುದಿಲ್ಲ.

ಕಾರ್ಬೊರೇಟರಿನ ತೂತಿಗೆ ಸೂಜಿ ಹಾಕಿ ನೋಡೋಣವೆಂದು ನಿಮ್ಮವ್ವನ ಟ್ರಂಕು ತೆಗೆದೆ. ಹೊಲಿಗೆಯ ಡಬ್ಬಿ ಎಂದು ತೆರೆದದ್ದು ಆಕೆಯ ಮೇಣದ ಡಬ್ಬಿಯಾಗಿತ್ತು. ಮೈ ತೊಳೆದು ಬಂದು ಬೆರಳಿನಿಂದ ಮೇಣ ತೆಗೆದು ಹಣೆಗೊತ್ತಿ, ಅದರ ಮೇಲೆ ಕುಂಕುಮ ಇಡುತ್ತಿದ್ದಳಲ್ಲ, ಅದು. ದಿನವೆಲ್ಲ ಹೊಲದಲ್ಲಿ ಬೆವತರೂ ಜಾರುತ್ತಿರಲಿಲ್ಲ. ಮೇಣದಲ್ಲಿ ಆಕೆಯ ಬೆರಳಿನ ಗುರುತು ಹಾಗೇ ಕೂತಿದೆ, ಈಳಿಗೆಗೆ ಸೀಳಿದ ಅಡ್ಡಗೆರೆ ಸಮೇತ. ಸೂಜಿ ಹುಡುಕುವುದು ಬಿಟ್ಟು ಡಬ್ಬಿ ಹಿಡಿದು ಕೂತೆ. ಗಾಡಿಗೂ ಬಿಡುತ್ತಿದ್ದಳೇನು? ಮಾನೌಮಿಯ ಆಯುಧಪೂಜೆ ಬಂದರೆ ಊರವರೆಲ್ಲ ಬಾನೆಟ್ಟಿಗೆ ಕುಂಕುಮ ಹಚ್ಚಿ ಕೈಮುಗಿದರೆ, ಈಕೆ ಹಿಂದೆ ಹೋಗಿ ಪೆಟ್ರೋಲ್ ಹಾಕುವ ಮುಚ್ಚಳಕ್ಕೂ ಹಚ್ಚುತ್ತಿದ್ದಳು. "ಅದು ಉಣ್ಣೋ ಬಾಯಿರಿ. ಅದಕ್ಕ ಮೊದಲ ಹಚ್ಚಬೇಕ" ಅನ್ನುವಳು. ನಾನು ನಗುತ್ತಿದ್ದೆ.

ಸೀಗೆ ಹುಣ್ಣಿಮೆಗೆ ಆಕೆಯ ವರ್ಷ ಬರುತ್ತದೆ. ಮಣ್ಣಿನ ಹತ್ತಿರ ಎಡೆ ಇಡಬೇಕು. ಒಬ್ಬನೇ ಮಗ ಇದ್ದೂ ನಾನೊಬ್ಬನೇ ಹೋಗಿ ಇಟ್ಟರೆ ಆಕೆ ಉಣ್ಣುತ್ತಾಳೇನು? ಗಾಡಿ ಹಾಳಾಗಲಿ. ನೀನು ಬರುತ್ತೀಯೋ ಇಲ್ಲವೋ, ಅದನ್ನು ಬರೆ.

ನಿನ್ನ ತಂದೆ
ಮಾಳಪ್ಪ


ಮಡಗಾಂವ
೫ ಆಗಸ್ಟ್ ೨೦೨೫

ತಂದೆಯವರಿಗೆ,

ಪಂಚಮಿಗೆ ಕನಕಪ್ಪನ ಮನೆಯಿಂದ ಉಂಡಿ ಬಂದಿದ್ದವು. ಎಳ್ಳಿನದು ಒಂದು ತಿಂದೆ. ಬೆಲ್ಲ ಹೆಚ್ಚಾಗಿತ್ತು. ಅವ್ವ ಇಷ್ಟು ಹಾಕುತ್ತಿರಲಿಲ್ಲ.

ಕಾರ್ಬೊರೇಟರಿಗೆ ಸೂಜಿ ಹಾಕಬೇಡಿ. ತೂತು ದೊಡ್ಡದಾದರೆ ಗಾಡಿ ಪೆಟ್ರೋಲ್ ಕುಡಿಯುತ್ತದೆ. ಬಾಯಿಂದ ಊದಿದರೆ ಸಾಕು. ಅದರ ಬದಿಯ ಬಟ್ಟಲಿನಲ್ಲಿ ತೇಲುವ ಗುಂಡಿದೆ. ತೆಗೆದು ಕಿವಿಯ ಹತ್ತಿರ ಅಲುಗಾಡಿಸಿ ನೋಡಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಗುಂಡು ಒಡೆದಿದೆ ಎಂದು ಅರ್ಥ. ಅದೂ ಸರಿ ಇದ್ದರೆ ನನಗೆ ಗೊತ್ತಿದ್ದದ್ದು ಮುಗಿಯಿತು. ಆಮೇಲೆ ಅದನ್ನು ಗುಜರಿಗೆ ಹಾಕಿಬಿಡಿ. ದೇವಪ್ಪನವರಿಗೂ ಬೇಡ, ಯಾರಿಗೂ ಬೇಡ.

ವರ್ಷಕ್ಕೆ ಬರುವುದಿಲ್ಲ. ಯಾಕೆಂದು ನಿಮಗೆ ಗೊತ್ತಿದೆ. ಮಣ್ಣು ಕೊಡಲು ಬಂದ ಊರವರೆಲ್ಲರ ಮುಂದೆ ಅಂದಿರಿ: "ನಿಮ್ಮವ್ವನ್ನ ಕೊಂದಾಂವ ನೀನ. ನಿನ್ನೆ ನೀ ಅದನ್ನ ಬಿಚ್ಚದಿದ್ರ ಇವತ್ತು ಗಾಡಿ ನಿಲ್ತಿದ್ದಿಲ್ಲ." ಹಿಂದಿನ ದಿನ ಕಾರ್ಬೊರೇಟರ್ ತೊಳೆದು ಜೋಡಿಸಿದವನು ನಾನೇ. ಅದಕ್ಕೆ ಅವತ್ತು ಎದುರು ಮಾತಾಡಲಿಲ್ಲ, ಇವತ್ತೂ ಆಡುವುದಿಲ್ಲ. ಆ ಮಾತನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಿ ಎಂದೂ ಕೇಳುತ್ತಿಲ್ಲ. ಅದು ಹಾಗೇ ಇರಲಿ. ಇದ್ದರೇ ಒಳ್ಳೆಯದು.

ಎಡೆಗೆ ಕಡುಬು ಮಾಡಿಸಿ. ಪುಂಡಿಪಲ್ಲೆ ಮರೆಯಬೇಡಿ.

ಇಂತಿ
ಮುತ್ತಣ್ಣ


ಶಿರೋಳ
೩೦ ಆಗಸ್ಟ್ ೨೦೨೫

ಮುತ್ತಣ್ಣ,

ಗಾಡಿಯ ರೋಗ ಸಿಕ್ಕಿತು. ನೀನು ಇನ್ನು ತಲೆ ಕೆಡಿಸಿಕೊಳ್ಳಬೇಡ.

ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪು ಒಳಗೇ ಕೊಳೆತಿತ್ತು. ಹೊರಗಿನಿಂದ ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ. ಬಿಸಿಯಾದರೆ ಒಳಗಿನ ಪದರು ಮುಚ್ಚಿಕೊಳ್ಳುತ್ತಿತ್ತು. ಆ ಪೈಪು ಹಳೆಯದು. ಹಳೆಯದನ್ನು ಬದಲಿಸದೆ ಹಾಗೇ ಓಡಿಸಿದವನು ನಾನು. ನೀನು ತೊಳೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಪ್ಪು ನನ್ನದು. ನಿನ್ನದಲ್ಲ, ಯಾರದೂ ಅಲ್ಲ, ನನ್ನದು.

ಗಾಡಿ ಮಾರುವುದಿಲ್ಲ ಎಂದು ದೇವಪ್ಪನವರಿಗೆ ಹೇಳಿ ಕಳಿಸಿದ್ದೇನೆ. ಈ ವಿಷಯ ಇಲ್ಲಿಗೆ ಮುಗಿಯಿತು. ಏನನ್ನೂ ತಿರುಗಿ ಕೇಳಬೇಡ. ಹುಣ್ಣಿಮೆಗೆ ಬಾ.

ನಿನ್ನ ತಂದೆ
ಮಾಳಪ್ಪ


ಮಡಗಾಂವ
೯ ಸೆಪ್ಟೆಂಬರ್ ೨೦೨೫

ಅಪ್ಪಾ,

ಆ ಪೈಪು ಹಳೆಯದಲ್ಲ. ಹೋದ ವರ್ಷ ಮಾನೌಮಿಗೆ ಮೊದಲು ಹುಬ್ಬಳ್ಳಿಯಿಂದ ತಂದು ನಾನೇ ಹಾಕಿದ್ದೆ. ನೀವು ಅಂಗಳದಲ್ಲಿ ಶೇಂಗಾ ಒಣ ಹಾಕುತ್ತಿದ್ದಿರಿ, ನೋಡಿರಲಿಲ್ಲ. ವರ್ಷದಲ್ಲಿ ರಬ್ಬರ್ ಕೊಳೆಯುವುದಿಲ್ಲ.

ಟ್ಯಾಂಕಿನ ಮುಚ್ಚಳ ತೆಗೆದಿರಿ ಅಲ್ಲವೇ?

ನನಗೆ ಇದು ಬಹಳ ದಿನದಿಂದ ಗೊತ್ತಿತ್ತು. ಇಲ್ಲಿಗೆ ಬಂದ ಹೊಸತರಲ್ಲಿ ಹಲಗೆಗೆ ಬಳಿಯುವ ಎಣ್ಣೆಯ ಡಬ್ಬಿ ಒಡೆಯಲು ಹೇಳಿದರು. ಮೊಳೆಯಿಂದ ಒಂದು ತೂತು ಹೊಡೆದು ಬೋರಲು ಹಾಕಿದೆ. ನಾಲ್ಕು ಹನಿ ಬಿದ್ದು ನಿಂತಿತು. ಮೇಸ್ತ್ರಿ ಬೈದು, ಇನ್ನೊಂದು ತೂತು ಹೊಡೆದ. ಗಾಳಿ ಒಳಗೆ ಹೋಯಿತು, ಎಣ್ಣೆ ಗಳಗಳ ಬಂತು. ನಮ್ಮ ಮನೆಯಲ್ಲಿ ಎಣ್ಣೆ ಡಬ್ಬಿಗೆ ಅವ್ವ ಹೊಡೆಯುತ್ತಿದ್ದದ್ದೂ ಹಾಗೇ, ಎರಡು ತೂತು. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ಕೂತೆ. ಗಾಡಿಯ ಟ್ಯಾಂಕೂ ಅಂಥದ್ದೇ. ಪಂಪು ಎಳೆದಷ್ಟು ಪೆಟ್ರೋಲಿನ ಜಾಗಕ್ಕೆ ಗಾಳಿ ಹೋಗಬೇಕು. ಅದಕ್ಕೇ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದು ಮುಚ್ಚಿಹೋದರೆ ಒಂದಷ್ಟು ದೂರ ಹೋಗಿ ಗಾಡಿ ನಿಲ್ಲುತ್ತದೆ. ನಿಂತಲ್ಲೇ ಬಿಟ್ಟರೆ ಸಂದುಗಳಿಂದ ಗಾಳಿ ಸೋರಿ ಒಳಗೆ ಹೋಗುತ್ತದೆ, ಆಮೇಲೆ ಶುರುವಾಗುತ್ತದೆ. ಅವತ್ತು ಶುರುವಾದದ್ದು ನನ್ನ ಕೈಯಿಂದಲ್ಲ. ನಾನು ಬಿಚ್ಚುತ್ತಾ ಕೂತಷ್ಟು ಹೊತ್ತು ಅದು ಉಸಿರು ತೆಗೆದುಕೊಳ್ಳುತ್ತಿತ್ತು.

ಮಾನೌಮಿಯ ದಿನ ನಾನು ಚಕ್ರ ತೊಳೆಯುತ್ತಿದ್ದೆ. ಅವ್ವ ಹಿಂದಿನಿಂದ "ಈ ವರ್ಷ ಕುಂಕುಮ ನಿಲ್ಲವಲ್ದೋ ಮುತ್ತಣ್ಣಾ, ಜಾರಾಕ ಹತ್ತೈತಿ" ಅಂದಳು. ಒಳಗೆ ಹೋಗಿ ಮೇಣದ ಡಬ್ಬಿ ತಂದಳು. ತನ್ನ ಹಣೆಗೆ ಒತ್ತುವ ಹಾಗೆಯೇ ಟ್ಯಾಂಕಿನ ಮುಚ್ಚಳಕ್ಕೂ ಒತ್ತಿ, ಮೇಲೆ ಕುಂಕುಮ ಇಟ್ಟಳು. ಬೊಟ್ಟು ಎಂದರೆ ನಡುವೆಯೇ ಇಡಬೇಕಲ್ಲ. ಅಲ್ಲಿಂದ ಹುಣ್ಣಿಮೆಯವರೆಗೆ ಗಾಡಿ ಊರಲ್ಲೇ ತಿರುಗಿತು, ಅದಕ್ಕೆ ತಿಳಿಯಲಿಲ್ಲ. ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲುವಾಗ ಎದೆ ಹಿಡಿದುಕೊಂಡಳು. ಊರವರೆಲ್ಲ ಹೊಲದಲ್ಲಿದ್ದರು, ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಸಹ ಇರಲಿಲ್ಲ.

ದಿಲಾವರ ಚಾಚಾನ ಹತ್ತಿರ ಒಯ್ಯಬೇಡಿ ಅಂದದ್ದು ನಾಚಿಕೆಗಲ್ಲ. ಅವನು ಇಂಜಿನ್ ಮುಟ್ಟುವ ಮೊದಲು ಮುಚ್ಚಳ ತೆಗೆಯುತ್ತಾನೆ, ನನಗೂ ಹಾಗೇ ಕಲಿಸಿದ್ದ. ಮನೆಯ ಮುಂದೆ ತಣ್ಣಗಿದ್ದಾಗ ನೋಡಿ ಅಂದದ್ದು, ಅಲ್ಲಿ ಏನೂ ಸಿಗುವುದಿಲ್ಲ ಎಂದು. ನಿಮ್ಮನ್ನು ಬಟ್ಟಲು, ಪಂಪು, ಗುಂಡು ಎಂದು ಮುಂದೆ ಮುಂದೆಯೇ ತಿರುಗಿಸಿದೆ, ಹಿಂದಕ್ಕೆ ಹೋಗಬಾರದೆಂದು.

ಅವ್ವನನ್ನು ಮಣ್ಣಿಗೆ ಒಯ್ಯುವಾಗ ಹೆಂಗಸರು ಏನಂದರು ನೆನಪಿದೆಯಾ? "ಪುಣ್ಯವಂತಿ, ಮುತ್ತೈದೆಯಾಗಿ ಹೋದ್ಲು. ಹಚ್ಚಿದ ಕುಂಕುಮ ಕಾಯ್ತು." ಕಾದ ಕುಂಕುಮ ಏನು ಮಾಡಿತು ಎಂದು ಆ ಬಾಯಿಗಳಿಗೆ ಗೊತ್ತಾಗುವುದು ಬೇಡ. ತಿಪ್ಪವ್ವ ತನ್ನ ಕೈಯಾರೆ ಹಚ್ಚಿದ ಬೊಟ್ಟಿನಿಂದ ಸತ್ತಳು ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುವುದು ಬೇಡ. ನಾನು ಕೊಂದೆ ಎಂದೇ ಇರಲಿ. ನಾನು ದೂರ ಇದ್ದೇನೆ, ನನ್ನ ಕಿವಿಗೆ ಬೀಳುವುದಿಲ್ಲ. ನೀವೂ ಹಾಗೇ ಅಂದುಕೊಂಡಿದ್ದರೆ ಸಾಕಾಗಿತ್ತು. ಗಾಡಿ ಯಾಕೆ ಹೊರಗೆ ತೆಗೆದಿರಿ ಅಪ್ಪಾ?

ಮುತ್ತಣ್ಣ


ಶಿರೋಳ
೧೮ ಸೆಪ್ಟೆಂಬರ್ ೨೦೨೫

ಮುತ್ತಣ್ಣಾ,

ನಿನ್ನ ಪತ್ರವನ್ನು ಹೊಲಕ್ಕೆ ಒಯ್ದು ಓದಿದೆ. ಮನೆಯಲ್ಲಿ ಓದಲು ಧೈರ್ಯ ಬರಲಿಲ್ಲ, ಗೋಡೆಯ ಮೇಲೆ ಆಕೆಯ ಫೋಟೋ ಇದೆ.

ಹೌದು, ಮುಚ್ಚಳ ತೆಗೆದೆ. ನೀನು ಹೇಳಿದ ಗುಂಡನ್ನೂ ಅಲುಗಾಡಿಸಿ ನೋಡಿಯಾಗಿತ್ತು. ಸೇತುವೆಗೆ ಬಂದು ಮತ್ತೆ ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಇಳಿದು ಹಿಂದೆ ಹೋದೆ. ಇಷ್ಟು ವರ್ಷದಲ್ಲಿ ನಾನಾಗಿ ಆ ಮುಚ್ಚಳ ತೆಗೆದವನಲ್ಲ. ಬಂಕಿನ ಹುಡುಗ ತೆಗೆಯುತ್ತಾನೆ, ನಾನು ಸೀಟು ಬಿಟ್ಟು ಏಳುವುದಿಲ್ಲ, ಡ್ರೈವರನ ಗತ್ತು. ತಿರುವಿದೆ. ಹುಸ್ಸೆಂದು ಗಾಳಿ ಒಳಗೆ ಎಳೆದುಕೊಂಡಿತು. ಎಷ್ಟೋ ಹೊತ್ತಿನಿಂದ ಉಸಿರು ಕಟ್ಟಿದವರು ಎಳೆದುಕೊಳ್ಳುವ ಹಾಗೆ. ಕೀಲಿ ತಿರುಗಿಸಿದರೆ ಕೂಡಲೇ ಶುರುವಾಯಿತು. ಆಗ ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದೆ. ಕುಂಕುಮ ಮಾಸಿತ್ತು, ಮೇಣ ಮಾಸಿರಲಿಲ್ಲ. ಅದರಲ್ಲಿ ಆಕೆಯ ಬೆರಳು. ಅದೇ ಅಡ್ಡಗೆರೆ.

ಆಕೆ ಒಳಗೆ ಗಾಳಿ ಸಾಲದು ಅನ್ನುತ್ತಿದ್ದಳು, ಹೊರಗೆ ಅದೂ ಅದನ್ನೇ ಅನ್ನುತ್ತಿತ್ತು. ನೀನು ಬಾನೆಟ್ಟಿನೊಳಗೆ, ನಾನು ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು ಹಿಂದೆ. ಮುಚ್ಚಳ ನನ್ನ ಬೆನ್ನಿನಿಂದ ಒಂದು ಮೊಳ. ಸೇತುವೆಯ ಕಟ್ಟೆಯ ಮೇಲೆ ಕೂತು ಬಾಯಿ ಬಿಟ್ಟು ಅತ್ತೆ. ಕಾಲುವೆಗೆ ನೀರು ಬಿಟ್ಟಿದ್ದರು, ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮನೆಗೆ ಬಂದು ಪೈಪಿನ ಸುಳ್ಳು ಬರೆದೆ. ನೀನು ಬರಲಿ, ಆಕೆಯ ಹೆಸರೂ ಉಳಿಯಲಿ ಎಂದು. ಮಗ ಮೆಕ್ಯಾನಿಕ್ ಎಂಬುದನ್ನು ಮರೆತೆ ನೋಡು. ನನ್ನ ಸುಳ್ಳು ನಿನಗೆ ಗೊತ್ತಾಯಿತು, ನಿನ್ನದು ನನಗೆ ಗೊತ್ತಾಯಿತು. ಇಬ್ಬರೂ ಒಬ್ಬಳನ್ನೇ ಮುಚ್ಚಿಡುತ್ತಿದ್ದೆವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಎರಡನ್ನೂ ಒಂದೇ ದಿನ ಮಾಡಿದೆ. ಹೆಂಡತಿ ಹೋದ ಸಂಕಟಕ್ಕೆ ಕಣ್ಣಿಗೆ ಬಿದ್ದವನ ಮೇಲೆ ಹಾಕಿದೆ, ನೀನು ಎದುರಿಗಿದ್ದೆ. ಆಡಬಾರದಿತ್ತು ಮಗನೇ. ತಾಯಿಯ ಮಣ್ಣಿನ ಮುಂದೆ ನಿಂತವನಿಗೆ ಯಾವ ತಂದೆಯೂ ಆಡುವ ಮಾತಲ್ಲ ಅದು.

ಊರವರ ಮುಂದೆ ಆಡಿದ್ದನ್ನು ಊರವರ ಮುಂದೆಯೇ ನುಂಗಬೇಕು. ಆದರೆ ನಿನ್ನ ತಪ್ಪಲ್ಲ ಎಂದರೆ, ಮತ್ತೆ ಯಾರದು ಎಂದು ಕೇಳುತ್ತಾರೆ. ಅದಕ್ಕೆ ಸೋಮವಾರ ಗುಡಿಯ ಕಟ್ಟೆಯಲ್ಲಿ ಎಲ್ಲರೂ ಕೂತಾಗ ಆ ಪೈಪಿನ ಕಥೆಯನ್ನೇ ಹೇಳಿದೆ. ಪೈಪು ಯಾವಾಗ ಹಾಕಿದ್ದೆಂದು ಅವರಿಗೇನು ಗೊತ್ತು? ಮಾಳಪ್ಪನ ಜಿಪುಣತನಕ್ಕೆ ತಿಪ್ಪವ್ವ ಸತ್ತಳು ಎಂದು ಈಗ ಊರೆಲ್ಲ ಆಗಿದೆ. ಗುಡ್ಡವ್ವನಿಗೂ ಮುಟ್ಟಿತು. ಇಟಗಿಯಿಂದ ಬಂದು ಹೊಸ್ತಿಲಲ್ಲೇ ನಿಂತು "ನಮ್ಮಕ್ಕನ ಜೀವ ನುಂಗಿದ್ರಿ ಮಾಮಾ. ಆ ಹುಡುಗನ್ನೂ ಊರ ಬಿಡಿಸಿದ್ರಿ" ಅಂದಳು. ನೀರು ಸಹ ಕುಡಿಯದೆ ಹೋದಳು. ಹೋಗಲಿ. ಆಕೆ ಅಂದದ್ದರಲ್ಲಿ ಎರಡನೆಯದು ಸುಳ್ಳಲ್ಲ.

ಈಗ ಊರಲ್ಲಿ ನಿನ್ನ ಮೇಲೆ ಯಾರ ಮಾತೂ ಇಲ್ಲ. ಆಕೆಯ ಮೇಲೂ ಇಲ್ಲ. ಬರಲು ನಿನಗೆ ಅಡ್ಡಿಯಿಲ್ಲ.

ಒಂದು ಕೆಲಸ ಮಾತ್ರ ನನ್ನಿಂದಾಗುತ್ತಿಲ್ಲ. ಸೂಜಿ ಕಾಯಿಸಿ ಮೇಣಕ್ಕೆ ಚುಚ್ಚಿದರೆ ಮುಗಿಯಿತು ಎಂದು ನನಗೂ ಗೊತ್ತಿದೆ. ಎರಡು ಸಲ ಸೂಜಿ ಹಿಡಿದೆ. ಆ ಬೆರಳಿನ ಗುರುತಿನ ನಡುವೆ ಚುಚ್ಚಲು ಕೈ ಬರಲಿಲ್ಲ. ಹಾಗೇ ಓಡಿಸುತ್ತೇನೆ. ಸೇತುವೆಗೆ ನಿಲ್ಲುತ್ತದೆ, ಇಳಿದು ಮುಚ್ಚಳ ತೆಗೆಯುತ್ತೇನೆ, ಅದು ಉಸಿರು ಎಳೆದುಕೊಳ್ಳುತ್ತದೆ, ಮುಂದೆ ಹೋಗುತ್ತೇವೆ. ಹುಣ್ಣಿಮೆಯ ಹಿಂದಿನ ದಿನ ಹೀಗೇ ನಿಂತು ನಿಂತು ನರಗುಂದದ ಸ್ಟ್ಯಾಂಡಿಗೆ ಬಂದಿರುತ್ತೇನೆ. ನೀನು ಬರದಿದ್ದರೂ ನಾನು ಬಂದಿರುತ್ತೇನೆ.

ನಿನ್ನ ಅಪ್ಪ
ಮಾಳಪ್ಪ


ಮಡಗಾಂವ
೨೭ ಸೆಪ್ಟೆಂಬರ್ ೨೦೨೫

ಯಪ್ಪಾ,

ನೀನು ಸ್ಟ್ಯಾಂಡಿಗೆ ಬರಬೇಡ. ಮುಂಜಾನೆ ನರಗುಂದಕ್ಕೆ ಇಳಿದು, ಶಿರೋಳದ ಬಸ್ಸು ಹಿಡಿದು ಕಾಲುವೆ ಸೇತುವೆಗೆ ಇಳಿಯುತ್ತೇನೆ. ನೀನು ಊರಿನಿಂದ ಗಾಡಿ ತೆಗೆದುಕೊಂಡು ಬಾ. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿದೆ.

ಹೊಸ ಮುಚ್ಚಳ ತರುತ್ತಿದ್ದೇನೆ. ಹಳೆಯದಕ್ಕೆ ಸೂಜಿ ಹಚ್ಚುವುದು ಬೇಡ, ಅದು ಜಗುಲಿಯ ಮೇಲೆ ದೇವರ ಹತ್ತಿರ ಇರಲಿ. ನಾನು ಬರುವವರೆಗೆ ತೆಗೆಯಬೇಡ. ಇಬ್ಬರೂ ಇದ್ದಾಗ ತೆಗೆಯೋಣ. ಅದು ಉಸಿರು ಎಳೆದುಕೊಳ್ಳುವುದನ್ನು ನಾನೂ ಒಮ್ಮೆ ಕೇಳಬೇಕು.

ಅವತ್ತು ಅಲ್ಲಿ ಮೂವರಿದ್ದೆವು.

ನಿನ್ನ
ಮುತ್ತಣ್ಣ